ಬೆನ್ನ ಹಿಂದಿನ ಸಾಣಿಗಿ

ನಮ್ಮ ಮಾತಿನಲ್ಲಿ ಮೈಯ ಒಂದೊಂದು ಅಂಗಕ್ಕೂ ಒಂದೊಂದು ಮರ್ಯಾದೆ ಉಂಟು. ಹೆತ್ತವಳದು ಕರುಳು, ಧೈರ್ಯವಂತನದು ಎದೆ. ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ, ಮಂದಿಯ ಏಳಿಗೆ ಕಂಡರೆ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತದೆ. ಹೃದಯದ ಮಾತಂತೂ ಬಿಡಿ, ಅದೊಂದು ಇಲ್ಲದೇ ಹೋಗಿದ್ದರೆ ಸಿನಿಮಾ ಹಾಡು ಬರೆಯುವವರು ಉಪವಾಸ ಬೀಳುತ್ತಿದ್ದರು. ಆದರೆ ಮೂತ್ರಪಿಂಡಕ್ಕೆ ಒಂದು ಗಾದೆ ಇಲ್ಲ, ಒಂದು ಹಾಡಿಲ್ಲ, ಕೊನೆಗೆ ಒಂದು ಬೈಗುಳವೂ ಇಲ್ಲ. ನಾನು ಸಾಲಿ ಕಲಿಯುವಾಗ ಪುಸ್ತಕದಲ್ಲಿ ಅದಕ್ಕೆ ‘ಮೂತ್ರಜನಕಾಂಗ’ ಎಂದು ಹೆಸರಿತ್ತು. ಆ ಶಬ್ದ ಬಂದ ಕೂಡಲೇ ಹುಡುಗರು ಮುಸಿಮುಸಿ ನಗುತ್ತಿದ್ದರು, ಹುಡುಗಿಯರು ತಲೆ ತಗ್ಗಿಸುತ್ತಿದ್ದರು, ಗುರುಗಳು ಆ ಪಾನು ಬೇಗ ತಿರುವುತ್ತಿದ್ದರು. ಈಗ ಎಲ್ಲರೂ ಕಿಡ್ನಿ ಎನ್ನುತ್ತಾರೆ. ಹೆಸರು ಇಂಗ್ಲಿಷಿನದಾದರೆ ನಾಚಿಕೆ ಸ್ವಲ್ಪ ಕಡಿಮೆ.

ಇದಕ್ಕೆ ಕಾರಣವೂ ಇದೆ ಅನ್ನಿಸುತ್ತದೆ. ಎದೆ ಢವಢವ ಬಡಿದುಕೊಳ್ಳುತ್ತದೆ, ಹೊಟ್ಟೆ ಹಸಿವೆಯೆಂದು ಕೂಗುತ್ತದೆ. ಕಿಡ್ನಿ ಮಾತ್ರ ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಗೆ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕುವ ಸೊಸೆಯ ಹಾಗೆ. ಪಡಸಾಲೆಯಲ್ಲಿ ಕೂತ ಬೀಗರಿಗೆ ಆಕೆ ಕಾಣುವುದಿಲ್ಲ, ಆಕೆ ಹಾಸಿಗೆ ಹಿಡಿದ ದಿನವೇ ಮನೆಯ ಗಾಡಿ ಯಾರಿಂದ ಓಡುತ್ತಿತ್ತೆಂದು ಗೊತ್ತಾಗುವುದು.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಮಕ್ಕಳಿಗೆ ಇತಿಹಾಸ ಹೇಳುವುದು ನನ್ನ ಕೆಲಸ. ವಿಜ್ಞಾನ ನನ್ನ ವಿಷಯವಲ್ಲ. ಹಾಗಿದ್ದೂ ಕಿಡ್ನಿಯ ಒಳಗಿನ ಕಣ್ಣಿಗೆ ಕಾಣದ ಕೋಶಗಳ ಬಗ್ಗೆ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ನಮ್ಮ ಬಮ್ಮಿಗಟ್ಟಿಯ ಒಬ್ಬ ಹುಡುಗಿ ಕಾರಣ.

ಕೆಲವು ವರ್ಷಗಳ ಹಿಂದಿನ ಮಾತು. ಐದನೆಯ ಇಯತ್ತೆಯ ಹುಡುಗಿ, ಕಡ್ಡಿಯಂಥ ಮೈ. ಶ್ರಾವಣ ಮುಗಿಯುವ ಹೊತ್ತಿಗೆ ಆಕೆಯ ಮುಖ ತುಂಬಿಕೊಂಡಿತು. ಅಜ್ಜಿಗೆ ಖುಷಿಯೋ ಖುಷಿ. “ಮಳಿಗಾಲದಾಗ ಮೈ ಹಿಡದೈತ್ರಿ ಅಕ್ಕೋರ, ಮಂದಿ ಕಣ್ಣ ಬೀಳಬಾರದಂತ ಗಲ್ಲಕ್ಕ ಕಾಡಿಗಿ ಹಚ್ಚೇನಿ” ಎಂದಳು. ಎಂಟು ದಿನ ಕಳೆದ ಮೇಲೆ ತಾಯಿ ಒಬ್ಬಳೇ ಬಂದು ದನಿ ತಗ್ಗಿಸಿ ಹೇಳಿದ್ದೇ ಬೇರೆ. “ಮುಂಜಾನೆ ಕಣ್ಣ ತೆರಿಯಾಕ ಬರವಲ್ದ್ರಿ, ಅಷ್ಟ ಬಾತಿರತಾವ. ಸಂಜಿಕ ಕಣ್ಣ ಇಳೀತಾವ, ಕಾಲ ಬಾಯತಾವ. ಒಂದಾಕ ಹೋದ್ರ ಸಾಬೂನ ನೀರಿನಂಗ ಬುರುಗ ಬರತೈತಿ.”

ತಾಯಿ ಮಗಳ ಜೊತೆ ನಾನೂ ಹುಬ್ಬಳ್ಳಿಗೆ ಹೋದೆ. ಮಕ್ಕಳ ಡಾಕ್ಟರು ಹುಡುಗಿಯ ಮೂತ್ರದಲ್ಲಿ ಒಂದು ಸಣ್ಣ ಕಾಗದದ ಪಟ್ಟಿ ಅದ್ದಿದರು. ಹಳದಿ ಇದ್ದದ್ದು ನೋಡನೋಡುತ್ತ ಹಸಿರಾಯಿತು. “ಮೈಯೊಳಗ ಇರಬೇಕಾದ ಪ್ರೋಟೀನು ಹೊರಗ ಹೊಂಟದ ನೋಡ್ರಿ” ಎಂದರು. ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು ತೋರಿಸಿದರು. “ಕಿಡ್ನಿಯೊಳಗ ಕೆಲವು ಕೋಶ ಹೀಂಗ ಬೆರಳ ಹೆಣಕೊಂಡು ಕೂತಿರತಾವ. ಇವಳಿಗೆ ಆ ಬೆರಳು ಚಪ್ಪಟಿ ಆಗ್ಯಾವ” ಎನ್ನುತ್ತ ಬೆರಳು ಬಿಡಿಸಿ ಅಂಗೈ ಚಾಚಿದರು. ತಾಯಿ ಆ ಅಂಗೈಯನ್ನೇ ದಿಟ್ಟಿಸುತ್ತಿದ್ದಳು. ನಾನೂ ಅಷ್ಟೇ.

ಮಕ್ಕಳಲ್ಲಿ ಈ ಬೇನೆಗೆ ನೆಫ್ರೋಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನವರಿಗೆ ಬರುವ ಬಗೆಗೆ ಒಂದು ವಿಚಿತ್ರ ಹೆಸರಿದೆ, ‘ಕನಿಷ್ಠ ಬದಲಾವಣೆಯ ರೋಗ’ ಎಂದು ಕನ್ನಡದಲ್ಲಿ ಹೇಳಬಹುದು. ಮಗುವಿನ ಮೈಯೆಲ್ಲ ನೀರು ತುಂಬಿರುವಾಗ ಕನಿಷ್ಠ ಬದಲಾವಣೆ ಎಂದರೇನು? ಕಿಡ್ನಿಯ ಚೂರನ್ನು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದಂತೆ. ಕೆಟ್ಟದ್ದು ಇರುವುದು ಆ ಮೈಕ್ರೋಸ್ಕೋಪಿನ ಕಣ್ಣಿಗೂ ಬೀಳದಷ್ಟು ಸಣ್ಣ ಜಾಗದಲ್ಲಿ. ಹಾಗಾದರೆ ಅದನ್ನು ಮೊದಲು ಕಂಡವರು ಯಾರು, ಯಾವಾಗ ಕಂಡರು? ಇದು ಇತಿಹಾಸದ ಪ್ರಶ್ನೆ, ಅಂದರೆ ನನ್ನ ಪ್ರಶ್ನೆ. ಸಿಕ್ಕ ಸಿಕ್ಕ ಪುಸ್ತಕ ಹುಡುಕಿ ಓದಿದೆ, ತಿಳಿಯದ್ದನ್ನು ವಿಜ್ಞಾನದ ಸಹೋದ್ಯೋಗಿಗಳನ್ನು ಕಾಡಿ ಕೇಳಿದೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

1666 ಎಂದರೆ ನಮ್ಮ ಮಕ್ಕಳಿಗೆ ಶಿವಾಜಿ ಆಗ್ರಾದಿಂದ ತಪ್ಪಿಸಿಕೊಂಡ ವರ್ಷ. ಅದೇ ವರ್ಷ ಇಟಲಿಯ ಬೊಲೋನ್ಯ ಊರಿನ ಮಾರ್ಚೆಲ್ಲೊ ಮಾಲ್ಪಿಗಿ ಎಂಬ ವೈದ್ಯ ಅಂಗಾಂಗಗಳ ರಚನೆಯ ಬಗ್ಗೆ ಒಂದು ಪುಸ್ತಕ ಹೊರತಂದ. ಕಿಡ್ನಿಯೆಂದರೆ ಬರೀ ಗಟ್ಟಿ ಮಾಂಸದ ಗಡ್ಡೆ ಎಂದು ಬಹು ಕಾಲದಿಂದ ಜನ ನಂಬಿದ್ದರು. ಅದರೊಳಗೆ ಎಣಿಸಲಾಗದಷ್ಟು ಸಪೂರ ನಾಳಗಳಿವೆ ಎಂದು ನಾಲ್ಕು ವರ್ಷ ಮೊದಲು, 1662ರಲ್ಲಿ, ಲೊರೆಂಜೊ ಬೆಲ್ಲಿನಿ ಎಂಬ ಹತ್ತೊಂಬತ್ತು ವರ್ಷದ ಹುಡುಗ ತೋರಿಸಿದ್ದ. ಮಾಲ್ಪಿಗಿ ಒಂದು ಹೆಜ್ಜೆ ಮುಂದೆ ಹೋದ. ಕಿಡ್ನಿಗೆ ರಕ್ತ ತರುವ ನಾಳದಲ್ಲಿ ಮದ್ಯಸಾರ ಬೆರೆಸಿದ ಕಪ್ಪು ಬಣ್ಣ ತುಂಬಿಸಿ ಭೂತಗನ್ನಡಿಯಿಂದ ನೋಡಿದ. ರಕ್ತನಾಳದ ಕೊನೆಕೊನೆಯ ಟೊಂಗೆಗಳಲ್ಲಿ ಕಪ್ಪು ಚುಕ್ಕೆಗಳು ಜೋತಾಡುತ್ತಿದ್ದವು. ಅವು ಅವನಿಗೆ ಗಿಡದ ತುಂಬ ತೂಗುವ ಸೇಬಿನ ಹಾಗೆ ಕಂಡವು. ನಮ್ಮ ಕಡೆಯವನಾಗಿದ್ದರೆ ವೈಶಾಖದ ಮಾವಿನ ಗಿಡದ ಹಾಗೆ ಎನ್ನುತ್ತಿದ್ದ. ಆ ಚುಕ್ಕೆ ಮಾಡುವ ಕೆಲಸವೇನೆಂದು ತಿಳಿಯಲು ಅವನ ಕಾಲದ ಗಾಜು ಸಾಲಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಇಟ್ಟಿದ್ದು ಮೈಕ್ರೋಸ್ಕೋಪಲ್ಲ, ಒಂದು ಚಮಚ ಮತ್ತು ಒಂದು ಮೇಣಬತ್ತಿ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯ ಮೈ ಬಾತ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣಬತ್ತಿಯ ಮೇಲೆ ಕಾಸುತ್ತಿದ್ದ. ತತ್ತಿಯ ಬಿಳಿ ಲೋಳೆ ಬಿಸಿಗೆ ಗಟ್ಟಿಯಾಗುವ ಹಾಗೆ ಅದು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತ ಮೇಲೆ ಕೊಯ್ದು ನೋಡಿದರೆ ಕಿಡ್ನಿ ಕೆಟ್ಟಿರುತ್ತಿತ್ತು. ಬಾವು, ಮೂತ್ರದಲ್ಲಿ ಪ್ರೋಟೀನು, ಕೆಟ್ಟ ಕಿಡ್ನಿ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಅವನು ಪುಸ್ತಕ ಬರೆದದ್ದು 1827ರಲ್ಲಿ. ಆ ಹೊತ್ತಿಗೆ ಕಿತ್ತೂರಿನ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಇಂಗ್ಲಿಷರ ಸೆರೆಯಲ್ಲಿದ್ದಳು. ಕಾಲದ ಲೆಕ್ಕಕ್ಕೆ ಇದನ್ನು ಹೇಳಿದೆ. ಹುಬ್ಬಳ್ಳಿಯ ಡಾಕ್ಟರ ಕೈಯಲ್ಲಿ ಹಸಿರಾದ ಆ ಕಾಗದದ ಪಟ್ಟಿ ಬ್ರೈಟನ ಚಮಚದ ಮೊಮ್ಮಗಳೇ ಸರಿ.

1842ರಲ್ಲಿ ವಿಲಿಯಂ ಬೌಮನ್ ಎಂಬ ಇಪ್ಪತ್ತೈದು ವರ್ಷದ ಇಂಗ್ಲಿಷ್ ತರುಣ, ಮೊದಲಿಗಿಂತ ಎಷ್ಟೋ ಪಾಲು ಚೊಕ್ಕ ಮೈಕ್ರೋಸ್ಕೋಪು ಇಟ್ಟುಕೊಂಡು ಮಾಲ್ಪಿಗಿಯ ಚುಕ್ಕೆಯನ್ನು ಬಿಡಿಸಿ ನೋಡಿದ. ಅದು ಗಟ್ಟಿ ಹಣ್ಣಲ್ಲ, ಕೂದಲಿಗಿಂತ ಸಪೂರವಾದ ರಕ್ತನಾಳಗಳು ಸುತ್ತಿಕೊಂಡ ಉಂಡೆ. ಗ್ಲೊಮೆರುಲಸ್ ಎಂಬ ಅದರ ಹೆಸರಿಗೂ ನೂಲಿನ ಸಣ್ಣ ಉಂಡೆ ಎಂದೇ ಅರ್ಥ. ಉಂಡೆಯ ಸುತ್ತ ಒಂದು ಬಟ್ಟಲು, ಬಟ್ಟಲ ಬುಡದಿಂದ ಹೊರಟ ಒಂದು ನಾಳ. ಉಂಡೆ, ಬಟ್ಟಲು, ನಾಳ ಕೂಡಿದರೆ ಒಂದು ನೆಫ್ರಾನ್. ಒಂದೊಂದು ಕಿಡ್ನಿಯಲ್ಲಿ ಇಂಥವು ಸುಮಾರು ಹತ್ತು ಲಕ್ಷ. ಹುಟ್ಟುವಾಗ ಎಷ್ಟು ತಂದೆವೋ ಅಷ್ಟೇ, ಆಮೇಲೆ ಹೊಸದು ಒಂದೂ ಹುಟ್ಟುವುದಿಲ್ಲ.

ಬಟ್ಟಲೇನೋ ಸಿಕ್ಕಿತು. ಮೂತ್ರ ಆಗುವುದು ಹೇಗೆಂಬ ಜಗಳ ಅಲ್ಲಿಂದ ಶುರುವಾಯಿತು. ಜರ್ಮನಿಯ ಕಾರ್ಲ್ ಲುಡ್ವಿಗ್ ಅದೇ ಹೊತ್ತಿಗೆ ಒಂದು ಮಾತು ಹೇಳಿದ: ರಕ್ತದ ಒತ್ತಡಕ್ಕೆ ಉಂಡೆಯಿಂದ ನೀರು ಸೋಸಿ ಬಟ್ಟಲಿಗೆ ಇಳಿಯುತ್ತದೆ, ಬೇಕಾದದ್ದನ್ನು ನಾಳ ಹಿಂದಕ್ಕೆ ಹೀರಿಕೊಳ್ಳುತ್ತದೆ. ಬೇರೆಯವರು ಒಪ್ಪಲಿಲ್ಲ. ನಾಳದ ಕೋಶಗಳೇ ಬೆವರಿನಂತೆ ಮೂತ್ರವನ್ನು ಒಸರುತ್ತವೆ ಎಂದರು. ಎಂಬತ್ತು ವರ್ಷ ಈ ವಾದ ನಡೆಯಿತು. ಬಗೆಹರಿಸಿದ್ದು ಒಂದು ಕಪ್ಪೆ. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದ 1924ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವರ್ನ್ ಮತ್ತು ಆಲ್ಫ್ರೆಡ್ ರಿಚರ್ಡ್ಸ್ ತಮ್ಮ ಪ್ರಯೋಗದ ಫಲ ಪ್ರಕಟಿಸಿದರು. ಕೂದಲಿಗಿಂತ ಚೂಪಾದ ಗಾಜಿನ ಕೊಳವೆಯನ್ನು ಕಪ್ಪೆಯ ಕಿಡ್ನಿಯ ಒಂದೇ ಒಂದು ಬಟ್ಟಲಿಗೆ ಚುಚ್ಚಿ, ಅಲ್ಲಿಂದ ಒಂದು ಹನಿಯ ಎಷ್ಟೋ ಭಾಗದಷ್ಟು ನೀರು ತೆಗೆದು ಪರೀಕ್ಷಿಸಿದ್ದರು. ಅದರಲ್ಲಿ ಸಕ್ಕರೆ ಇತ್ತು, ಉಪ್ಪಿನ ಅಂಶ ಇತ್ತು, ಪ್ರೋಟೀನು ಮಾತ್ರ ಇರಲಿಲ್ಲ. ಅದೇ ಕಪ್ಪೆಯ ಮೂತ್ರಕೋಶದ ನೀರಿನಲ್ಲಿ ಸಕ್ಕರೆಯೂ ಇರಲಿಲ್ಲ. ಅಂದರೆ ಉಂಡೆ ಸೋಸುತ್ತದೆ, ಸೋಸಿದ್ದರಲ್ಲಿ ಬೇಕಾದದ್ದನ್ನು ನಾಳ ವಾಪಸು ತೆಗೆದುಕೊಳ್ಳುತ್ತದೆ. ಲುಡ್ವಿಗನ ಮಾತು ನಿಂತಿತು.

ಲೆಕ್ಕ ಕೇಳಿದರೆ ಬೆರಗಾಗುತ್ತದೆ. ನಮ್ಮ ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಹನ್ನೆರಡು ಕೊಡ. ಅದರಲ್ಲಿ ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್ ಅಷ್ಟೇ. ಮಿಕ್ಕದ್ದೆಲ್ಲ ನಾಳದ ಗೋಡೆಯ ಕೋಶಗಳು ಎತ್ತಿ ಮತ್ತೆ ರಕ್ತಕ್ಕೆ ಸುರಿಯುತ್ತವೆ. ಈ ಕೋಶಗಳ ಮೈಮೇಲೆ ಬ್ರಷ್ಷಿನ ಎಳೆಗಳಂತೆ ಒತ್ತೊತ್ತಾಗಿ ಸಾವಿರಾರು ಎಳೆಗಳಿವೆ. ಎಳೆ ಹೆಚ್ಚಿದಷ್ಟೂ ಹೀರುವ ಜಾಗ ಹೆಚ್ಚು. ಕೆರೆಯಿಂದ ಹನ್ನೆರಡು ಕೊಡ ಹೊತ್ತು ತಂದ ಹೆಣ್ಣುಮಕ್ಕಳಿಗೆ ಈ ದುಡಿತದ ಬೆಲೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಾಣಿಗಿಯ ಮಾತಿಗೆ ಬರೋಣ. ಹಿಟ್ಟು ಸಾಣಿಸುವಾಗ ಹಿಟ್ಟು ಕೆಳಗಿಳಿದು ತವುಡು ಮೇಲುಳಿಯುವುದು ಸಾಣಿಗಿಯ ತೂತಿನ ಅಳತೆಯಿಂದ. ನೀರು, ಉಪ್ಪು, ಸಕ್ಕರೆ ಇಳಿದು ಪ್ರೋಟೀನು ಮೇಲೆ ಉಳಿಯಬೇಕಾದರೆ ಉಂಡೆಯಲ್ಲೂ ಅಂಥ ತೂತು ಇರಲೇಬೇಕು. ಎಲ್ಲಿದೆ? ನಮ್ಮ ಪ್ರಯೋಗಾಲಯದ ಮೈಕ್ರೋಸ್ಕೋಪಿನಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ಇಟ್ಟರೆ ಕೋಶಗಳು ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತವೆ, ಮಕ್ಕಳು ಹೋ ಎನ್ನುತ್ತಾರೆ. ಆದರೆ ಬೆಳಕಿನಿಂದ ನೋಡುವ ಯಾವ ಮೈಕ್ರೋಸ್ಕೋಪಿಗೂ ಒಂದು ಮಿತಿಯಿದೆ. ಬೆಳಕಿನ ಅಲೆಗಿಂತ ಬಹಳ ಸಣ್ಣದಾದದ್ದನ್ನು ಬೆಳಕು ತೋರಿಸಲಾರದು. 1931ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೋಲ್ ಮತ್ತು ಎರ್ನ್ಸ್ಟ್ ರುಸ್ಕಾ ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಯಂತ್ರ ಕಟ್ಟಿದರು. ಆ ಕೆಲಸಕ್ಕೆ ರುಸ್ಕಾನಿಗೆ ನೊಬೆಲ್ ಬಂದದ್ದು 1986ರಲ್ಲಿ, ಐವತ್ತೈದು ವರ್ಷದ ಮೇಲೆ.

ಐವತ್ತರ ದಶಕದಲ್ಲಿ ಈ ಯಂತ್ರ ಕಿಡ್ನಿಯ ಕಡೆ ತಿರುಗಿತು. ಆಗ ಕಂಡದ್ದು ಮೂರು ಪದರದ ಸಾಣಿಗಿ. ಒಳಗಡೆ ರಕ್ತನಾಳದ ಗೋಡೆ, ಅದರಲ್ಲಿ ಕಿಟಕಿಗಳಂಥ ತೂತು. ನಡುವೆ ಒಂದು ತೆಳ್ಳನೆಯ ಪೊರೆ, ಹಾಲು ಸೋಸುವ ಅರಿವೆಯ ಹಾಗೆ. ಹೊರಗಡೆ, ಬಟ್ಟಲಿನ ಬದಿಗೆ, ಯಾರೂ ಎಣಿಸದಿದ್ದಂಥ ಒಂದು ಕೋಶ. ಅದರ ಮೈಯಿಂದ ದಪ್ಪ ತೋಳುಗಳು, ತೋಳಿನಿಂದ ಸಣ್ಣ ಸಣ್ಣ ಪಾದಗಳು. ಈ ಕೋಶದ ಪಾದಗಳ ಸಂದಿಯಲ್ಲಿ ಪಕ್ಕದ ಕೋಶದ ಪಾದಗಳು ಹೆಣೆದುಕೊಂಡು, ರಕ್ತನಾಳವನ್ನು ಪೂರಾ ತಬ್ಬಿ ಕೂತಿರುತ್ತವೆ. ಪಾದವುಳ್ಳ ಕೋಶವಾದ್ದರಿಂದ ಪೋಡೋಸೈಟ್ ಎಂದು ಹೆಸರಿಟ್ಟರು, ಗ್ರೀಕಿನಲ್ಲಿ ಪಾದಕ್ಕೆ ಅಂಥ ಶಬ್ದವಿದೆ. ನಾವು ಪಾದಕೋಶ ಎನ್ನೋಣ. ಪಾದ ಪಾದಗಳ ನಡುವಿನ ಸಂದಿ ಎಷ್ಟು ಕಿರಿದೆಂದರೆ, ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಸುಮಾರು ಎರಡು ಸಾವಿರ ಸಂದಿ ಹಿಡಿಸುತ್ತವೆ.

ಇಲ್ಲಿ ನಾನು ಒಬ್ಬ ಹೆಣ್ಣುಮಗಳ ಹೆಸರು ಹೇಳಲೇಬೇಕು. ಮೆರಿಲಿನ್ ಫಾರ್ಕ್ವಾರ್. 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, 2019ರಲ್ಲಿ ತೀರಿಕೊಂಡವಳು. 1957ರಲ್ಲಿ ಆಕೆ ರಾಬರ್ಟ್ ವರ್ನಿಯರ್, ರಾಬರ್ಟ್ ಗುಡ್ ಎಂಬ ಇಬ್ಬರು ವೈದ್ಯರೊಡನೆ ಮೈ ಬಾತ ರೋಗಿಗಳ ಕಿಡ್ನಿಯ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಒಂದು ಲೇಖನ ಪ್ರಕಟಿಸಿದಳು. ಸಾಮಾನ್ಯ ಮೈಕ್ರೋಸ್ಕೋಪಿಗೆ ಏನೂ ಕಾಣದಿದ್ದ ಆ ಬೇನೆಯಲ್ಲಿ ಪಾದಕೋಶಗಳ ಪಾದಗಳೇ ಅಳಿಸಿಹೋಗಿದ್ದವು. ಹೆಣೆದ ಬೆರಳು ಅಂಗೈಯಾದ ಹಾಗೆ ಚಪ್ಪಟೆಯಾಗಿದ್ದವು. ನಮ್ಮ ಡಾಕ್ಟರು ತಾಯಿಗೆ ಕೈ ಮಾಡಿ ತೋರಿಸಿದ್ದು ಇದನ್ನೇ. ರಾಜ್ಯ ಒಂದಾಗಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲವೇನೋ, ಅದೇ 1957ರಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ಭಾಗದ ಸರಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. ಇಂದಿಗೂ ಹಳ್ಳಿಯ ಜನ ಅದನ್ನು ಕೆ.ಎಂ.ಸಿ. ಎಂದೇ ಕರೆಯುತ್ತಾರೆ. ಅಮೆರಿಕದಲ್ಲಿ ಒಬ್ಬಾಕೆ ಪಾದದ ಅಚ್ಚು ಅಳಿಸಿದ್ದನ್ನು ಕಂಡ ವರ್ಷವೇ ಇಲ್ಲಿ ವೈದ್ಯ ಕಲಿಸುವ ಮನೆಗೆ ಹೊಸ್ತಿಲು ಬಿತ್ತು. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೆ ಇಂಥ ಎರಡು ದಾರಿ ಕೂಡಿದಾಗಲೇ ಅಲ್ಲವೇ ಬಮ್ಮಿಗಟ್ಟಿಯ ಹುಡುಗಿಯ ಬೇನೆಗೆ ಮದ್ದು ಸಿಗುವುದು?

ಪಾದಗಳ ನಡುವಿನ ಸಂದಿಯೂ ಬರಿದಾಗಿಲ್ಲ. 1974ರಲ್ಲಿ ರಿಚರ್ಡ್ ರೋಡ್‌ವಾಲ್ಡ್ ಮತ್ತು ಮೋರಿಸ್ ಕಾರ್ನೋವ್‌ಸ್ಕಿ ಆ ಸಂದಿಗೆ ಅಡ್ಡಲಾಗಿ ಚೀಲದ ಚೈನಿನ ಹಲ್ಲುಗಳಂಥ ಹೆಣಿಗೆ ಇರುವುದನ್ನು ತೋರಿಸಿದರು. ಆ ಚೈನು ಯಾವ ವಸ್ತುವಿನದು ಎಂಬುದಕ್ಕೆ ಉತ್ತರ ಬಂದದ್ದು ಫಿನ್‌ಲೆಂಡ್ ದೇಶದ ಕೂಸುಗಳಿಂದ. ಅಲ್ಲಿ ಸುಮಾರು ಎಂಟು ಸಾವಿರ ಹೆರಿಗೆಗೆ ಒಂದರಂತೆ, ಹುಟ್ಟುವ ಮೊದಲೇ ಪ್ರೋಟೀನು ಸೋರುವ ಬೇನೆಯ ಕೂಸುಗಳು ಹುಟ್ಟುತ್ತಿದ್ದವು. 1998ರಲ್ಲಿ ಮಾರ್ಯೊ ಕೆಸ್ಟಿಲಾ, ಕಾರ್ಲ್ ಟ್ರಿಗ್ವಸನ್ ಮತ್ತು ಅವರ ಸಂಗಡಿಗರು ಆ ಕೂಸುಗಳಲ್ಲಿ ಕೆಟ್ಟಿದ್ದ ಜೀನು ಯಾವುದೆಂದು ಕಂಡುಹಿಡಿದರು. ಅದು ಮಾಡಬೇಕಾದ ಪ್ರೋಟೀನಿಗೆ ನೆಫ್ರಿನ್ ಎಂದು ಹೆಸರಿಟ್ಟರು. ಚೈನಿನ ಹಲ್ಲು ಅದರದೇ. ಬೆಲ್ಲಿನಿಯಿಂದ ಇಲ್ಲಿಗೆ 336 ವರ್ಷ.

ನಮ್ಮ ಹುಡುಗಿಗೆ ಸ್ಟಿರಾಯ್ಡ್ ಗುಳಿಗೆ ಕೊಟ್ಟರು. ಈ ಬೇನೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಗುಣ ಕಾಣುತ್ತದೆ. ಚಪ್ಪಟೆಯಾದ ಪಾದಗಳು ಮತ್ತೆ ಮೂಡುತ್ತವೆ. ಆದರೆ ಎಷ್ಟೋ ಮಕ್ಕಳಿಗೆ ಅದು ಮರುಕಳಿಸುತ್ತದೆ. ಅವಳಿಗೂ ಎರಡು ಸಲ ತಿರುಗಿ ಬಂತು. ಗುಳಿಗೆಯ ಗುಣದಿಂದ ಮುಖ ದುಂಡಗಾದಾಗ ಓರಗೆಯವರು ಆಡಿಕೊಂಡರು, ಉಪ್ಪಿನಕಾಯಿ ಹಪ್ಪಳ ಮುಟ್ಟಬಾರದೆಂದಾಗ ಅತ್ತಳು. ತಾಯಿ ಮಾತ್ರ ಬಿಡಲಿಲ್ಲ. ದಿನಾ ಮುಂಜಾನೆ ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿ, ಮಗಳ ಹಳೆಯ ಪಾಟಿಯ ಮೇಲೆ ಗುರುತು ಹಾಕಿಡುತ್ತಿದ್ದಳು. ಸಹಿ ಮಾಡಲು ಬಾರದ ಹೆಣ್ಣುಮಗಳು, ಹಳದಿಗೆ ಒಂದು ಗೆರೆ, ಹಸಿರಿಗೆ ಎರಡು ಗೆರೆ. ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ.

ಪಾದಕೋಶದ ಬಗ್ಗೆ ಕಹಿಯಾದ ಮಾತೊಂದಿದೆ. ಚರ್ಮದ ಕೋಶ ಸತ್ತರೆ ಬೇರೆ ಹುಟ್ಟುತ್ತದೆ, ಗಾಯ ಮಾಯುತ್ತದೆ. ಪಾದಕೋಶ ಒಡೆದು ಎರಡಾಗುವುದಿಲ್ಲ. ಒಂದು ಉದುರಿದರೆ ಪಕ್ಕದವು ಮೈ ಚಾಚಿ ಆ ಜಾಗ ಮುಚ್ಚಲು ನೋಡುತ್ತವೆ. ಬಹಳ ಉದುರಿದರೆ ಮುಚ್ಚಲಾಗದೆ ಆ ಉಂಡೆಯೇ ಗಂಟುಗಟ್ಟಿ ಸಾಯುತ್ತದೆ. ಸಕ್ಕರೆ ಬೇನೆ ಮತ್ತು ರಕ್ತದ ಒತ್ತಡ, ಈ ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಮಾಡುವುದು ಇದನ್ನೇ. ನೋವಿಲ್ಲ, ಬಾವಿಲ್ಲ. ತಿಳಿಯುವ ಹೊತ್ತಿಗೆ ಸಾಣಿಗಿಯ ಬಹುಪಾಲು ಹರಿದಿರುತ್ತದೆ.

ಕಿಡ್ನಿಯಲ್ಲಿ ಪಾದಕೋಶ ಒಂದೇ ಅಲ್ಲ, ಬೇರೆ ಬೇರೆ ಕಸುಬಿನ ಕೋಶಗಳಿವೆ. ಉಂಡೆಗೆ ರಕ್ತ ತರುವ ನಾಳದ ಬಾಗಿಲಲ್ಲಿ ಕಾಳು ತುಂಬಿದ ಚೀಲದಂಥ ಕೆಲವು ಕೋಶಗಳು ಕಾವಲು ಕೂತಿರುತ್ತವೆ. ರಕ್ತದ ಒತ್ತಡ ತಗ್ಗಿದರೆ ಅವು ರೆನಿನ್ ಎಂಬ ವಸ್ತು ಬಿಟ್ಟು ಒತ್ತಡ ಏರಿಸುತ್ತವೆ. ಅದನ್ನು 1898ರಲ್ಲಿ ಮೊಲದ ಕಿಡ್ನಿಯಿಂದ ತೆಗೆದವರು ಸ್ವೀಡನ್ನಿನ ಟೀಗರ್‌ಸ್ಟೆಡ್ ಮತ್ತು ಬರ್ಗ್‌ಮನ್. ಕಾವಲುಗಾರ ಅತಿ ಮಾಡಿದರೂ ಕಷ್ಟವೇ, ಒತ್ತಡ ಏರಿ ಪಾದಕೋಶಕ್ಕೇ ಪೆಟ್ಟು. ಈ ಸರಪಳಿಯನ್ನು ತಡೆಯುವ ಮೊದಲ ಮದ್ದಿನ ಸುಳಿವು ಸಿಕ್ಕಿದ್ದು ಬ್ರೆಜಿಲ್ ದೇಶದ ಒಂದು ಮಂಡಲ ಜಾತಿಯ ಹಾವಿನ ವಿಷದಲ್ಲಿ. ಆ ಗುಂಪಿನ ಮೊದಲ ಗುಳಿಗೆ 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ನಮ್ಮ ಭತ್ತದ ಗದ್ದೆಯ ಬದುವಿನಲ್ಲಿ ಕೊಳಕಮಂಡಲ ಕಚ್ಚಿದರೆ ಕಿಡ್ನಿಯೇ ನಿಂತುಹೋಗುವುದುಂಟು. ಅದೇ ಕುಲದ ಇನ್ನೊಂದು ಹಾವು ಕಿಡ್ನಿ ಕಾಯುವ ಮದ್ದು ಕೊಟ್ಟಿತು.

ಇನ್ನು ಕೆಲವು ಕೋಶಗಳು ರಕ್ತದಲ್ಲಿ ಪ್ರಾಣವಾಯು ಕಡಿಮೆಯಾದದ್ದನ್ನು ಮೂಸಿ ಕಂಡುಹಿಡಿದು, ಕೆಂಪು ರಕ್ತಕಣ ಮಾಡಿರೆಂದು ಎಲುಬಿನ ಮಜ್ಜೆಗೆ ಹೇಳಿ ಕಳಿಸುತ್ತವೆ. ಆ ಸಂದೇಶದ ವಸ್ತುವನ್ನು ಯೂಜೀನ್ ಗೋಲ್ಡ್‌ವಾಸರ್ ಸಂಗಡಿಗರು 1977ರಲ್ಲಿ ಶುದ್ಧರೂಪದಲ್ಲಿ ಪಡೆದರು, ಜಪಾನಿನ ರೋಗಿಗಳ ಎರಡು ಸಾವಿರಕ್ಕೂ ಹೆಚ್ಚು ಲೀಟರ್ ಮೂತ್ರವನ್ನು ಬತ್ತಿಸಿ. ಕಿಡ್ನಿ ಕೆಟ್ಟವರು ಬಿಳಿಚಿಕೊಳ್ಳುವುದು ಮುಖ್ಯವಾಗಿ ಈ ಸಂದೇಶ ನಿಂತುಹೋಗುವುದರಿಂದ.

ಬಸಿರಿನ ಮಾತು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಐದು ತಿಂಗಳು ದಾಟಿದ ಮೇಲೆ ಬಸಿರಿಯ ಕೈ ಮುಖ ಬಾತರೆ ನಮ್ಮ ಹಿರಿಯರು ‘ನಂಜು’ ಎನ್ನುತ್ತಿದ್ದರು, ಕೆಲವರು ‘ಗಂಡು ಹುಟ್ತದ ಬಿಡ್ರಿ’ ಎಂದು ನಗುತ್ತಿದ್ದರು. ಒತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಬಂದು, ತಾಯಿ ಕೂಸು ಇಬ್ಬರನ್ನೂ ಒಯ್ಯಬಲ್ಲ ಬೇನೆ ಅದು. ಪಾದಕೋಶಗಳು ಎದುರಿನ ರಕ್ತನಾಳದ ಗೋಡೆಗೆ ದಿನವೂ ಒಂದು ಪೋಷಕ ವಸ್ತು ಕಳಿಸುತ್ತಿರುತ್ತವೆ. ಈ ಬೇನೆಯಲ್ಲಿ ಕೂಸಿನ ಮಾಸಿನಿಂದ ಬರುವ ಒಂದು ಪ್ರೋಟೀನು ಆ ಪೋಷಕವನ್ನು ದಾರಿಯಲ್ಲೇ ಹಿಡಿದುಹಾಕುತ್ತದೆ. 2003ರಲ್ಲಿ ಇದನ್ನು ತೋರಿಸಿಕೊಟ್ಟವರು ಬೋಸ್ಟನ್ನಿನಲ್ಲಿ ದುಡಿಯುತ್ತಿದ್ದ ಭಾರತ ಮೂಲದ ವೈದ್ಯ ಅನಂತ ಕರುಮಂಚಿ ಮತ್ತು ಸಂಗಡಿಗರು. ಆಶಾ ಕಾರ್ಯಕರ್ತೆ ಬಸಿರಿಯರನ್ನು ತಪಾಸಣೆಗೆ ಕರೆದೊಯ್ಯುವಾಗ ‘ಮೂತ್ರ ಯಾಕ ಕೊಡಬೇಕು’ ಎಂದು ಗೊಣಗುವ ಅತ್ತೆಯರಿಗೆ ಇದನ್ನು ಓದಿ ಹೇಳಿರಿ.

ಎಲ್ಲ ಸಾಣಿಗಿ ಹರಿದ ಮೇಲೆ ಉಳಿಯುವ ದಾರಿ ಎರಡು. ಒಂದು ಡಯಾಲಿಸಿಸ್, ವಾರಕ್ಕೆ ಎರಡು ಮೂರು ಸಲ ಯಂತ್ರದಲ್ಲಿ ರಕ್ತ ತೊಳೆಸುವುದು. ಇನ್ನೊಂದು ಕಸಿ. ನಮ್ಮ ಕಡೆ ಕಸಿ ಎಂದರೆ ಆಪೂಸು ಮಾವಿನದು. ಆದರೆ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ ಆದಮೇಲೆ ಆ ಶಬ್ದಕ್ಕೆ ಹೊಸ ಅರ್ಥ ಬಂತು. ಬಡವರ ಕಿಡ್ನಿ ಮಾರಾಟದ ಸರಕಾಗತೊಡಗಿದಾಗ 1994ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದನ್ನು ಅಪರಾಧವೆಂದಿತು. ಅಂದಿನಿಂದ ಬದುಕಿರುವವರು ಕೊಡುವ ಕಿಡ್ನಿ ಹೆಚ್ಚಾಗಿ ಮನೆಯವರದೇ. ಮನೆಯವರಲ್ಲಿ ಯಾರದು? 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ ಮೂವತ್ತಾರು ಸಾವಿರಕ್ಕೂ ಹೆಚ್ಚು ಅಂಗಾಂಗ ಕಸಿಗಳಲ್ಲಿ ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು ಪಡೆದವರು ಗಂಡಸರು. ಬದುಕಿದ್ದಾಗ ಅಂಗ ಕೊಟ್ಟವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಇದು ಸರಕಾರದ ಕಸಿ ಸಂಸ್ಥೆಯೇ ಕೊಟ್ಟ ಲೆಕ್ಕ.

ನನ್ನ ಪರಿಚಯದ ಒಬ್ಬಾಕೆ ಗಂಡನಿಗೆ ಕಿಡ್ನಿ ಕೊಟ್ಟಿದ್ದಾಳೆ. ಇಬ್ಬರೂ ಚೆನ್ನಾಗಿದ್ದಾರೆ. ಉಳಿದ ಒಂದು ಕಿಡ್ನಿ ಸ್ವಲ್ಪ ದೊಡ್ಡದಾಗಿ ಎರಡರ ಕೆಲಸದ ಬಹುಪಾಲನ್ನು ಹೊರುತ್ತದೆ, ಅಷ್ಟು ಕಸುವು ಅದಕ್ಕಿದೆ. ಒಮ್ಮೆ ಮಾತಿಗೆ ಮಾತು ಬಂದಾಗ ಆಕೆ ಅಂದಳು, “ಕೊಟ್ಟಿದ್ದಕ್ಕ ಬ್ಯಾಸರಿಲ್ರಿ ಅಕ್ಕೋರ. ಮತ್ತೊಮ್ಮೆ ಕೇಳಿದ್ರೂ ಕೊಡ್ತೀನಿ. ಖರೇ, ನನಗ ಈ ಬ್ಯಾನಿ ಬಂದಿದ್ರ ಯಾರ ಕೊಡ್ತಿದ್ರು ಅಂತ ಆ ಹೊತ್ತಿನ್ಯಾಗ ಮನ್ಯಾಗ ಒಬ್ರೂ ಮಾತ ತಗೀಲಿಲ್ಲ.” ಆಕೆಯ ಮಾತಿನಲ್ಲಿ ದೂರು ಇರಲಿಲ್ಲ, ಲೆಕ್ಕ ಇತ್ತು.

ಆ ಲೆಕ್ಕ ತಿದ್ದಲು ನಾವು ಮಾಡಬಹುದಾದ ಕೆಲಸ ಸಣ್ಣದು. ಸಕ್ಕರೆ ಬೇನೆ ಅಥವಾ ಒತ್ತಡ ಇದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಪ್ರೋಟೀನು, ರಕ್ತದಲ್ಲಿ ಕ್ರಿಯಾಟಿನಿನ್, ಈ ಎರಡು ಪರೀಕ್ಷೆ ಮಾಡಿಸಬೇಕು. ಮೈಕೈ ನೋವೆಂದು ಅಂಗಡಿಯಿಂದ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಬಾರದು, ಅವೂ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಹಾವು ಕಚ್ಚಿದರೆ ಮಂತ್ರದವನ ಮನೆಯ ಕಡೆ ಗಾಡಿ ತಿರುಗಿಸದೆ ನೆಟ್ಟಗೆ ದವಾಖಾನೆಗೆ ಒಯ್ಯಬೇಕು. ಯಜಮಾನರ ತಪಾಸಣೆಗೆ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದು ಕೂಡುವ ಅಕ್ಕತಂಗಿಯರೇ, ಮುಂದಿನ ಸಲ ಹೋದಾಗ ಕೌಂಟರಿನಲ್ಲಿ ಎರಡು ಬಾಟಲಿ ಕೇಳಿರಿ. ಒಂದರ ಮೇಲೆ ನಿಮ್ಮ ಹೆಸರು ಬರೆಸಿರಿ.